ಹಡಗಲ್ಲಿ ಇಸ್ತ್ರಿಪೆಟ್ಟಿಗೆ ಬಿಡಲ್ವಂತೆ, ಸೀರೆ ಗತಿ ಏನು?

ಓದುಗರ ಪ್ರಶ್ನೆ – ಅಕ್ಕನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲಿವೆ. ಎಲ್ಲರೂ ಕ್ರೂಸ್‌ಗೆ ಹೊರಟಿದೀರಿ ಅಥವಾ ಅದರಲ್ಲೇ ಕೆಲಸ ಮಾಡ್ತಿದೀರಿ, ಎಲ್ಲರ ಚಿಂತೆನೂ ಬಟ್ಟೆ ಸುಕ್ಕಾಗೋದರದ್ದು. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡು ಈ ಸಲ ಇಡೀ ಅಂಕಣ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಅಕ್ಕಾ, ಮಗಳು ಸಿಯಾಟಲ್‌ನಲ್ಲಿದಾಳೆ, ಜೂನ್‌ನಲ್ಲಿ ನಮ್ಮಿಬ್ಬರನ್ನೂ ಏಳು ರಾತ್ರಿಯ ಅಲಾಸ್ಕಾ ಕ್ರೂಸ್‌ಗೆ ಕರ್ಕೊಂಡು ಹೋಗ್ತಾಳೆ. ಅದರಲ್ಲಿ ಎರಡು ರಾತ್ರಿ ಊಟಕ್ಕೆ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬರ್ತಾರಂತೆ. ನಂಗೆ ಒಂದಿನ ಮೈಸೂರು ಸಿಲ್ಕು, ಇನ್ನೊಂದಿನ ನಮ್ಮತ್ತೆ ಕೊಟ್ಟ ಕಾಟನ್ ಇಳಕಲ್ ಉಡೋ ಆಸೆ, ನಮ್ಮನೆಯವರಿಗೆ ಪಂಚೆ ಶಲ್ಯ. ಐರನ್ ಬಾಕ್ಸ್ ಹಡಗಿಗೆ ಬಿಡಲ್ಲ ಅಂತಾಳೆ ಮಗಳು. ನನ್ನ ಹತ್ರ ಅಂಗೈಯಷ್ಟು ದೊಡ್ಡ ಟ್ರಾವೆಲ್ ಐರನ್ ಒಂದಿದೆ, ಸೀರೆ ಮಧ್ಯ ಸುತ್ತಿಟ್ಟು ತಗೊಂಡು ಹೋಗ್ಲಾ? – ಓದುಗರು, ದಾವಣಗೆರೆ

ಉತ್ತರ: ಬೇಡಮ್ಮಾ, ದಯವಿಟ್ಟು ಬೇಡ. ಮಗಳು ಹೇಳಿದ್ದೇ ಸರಿ. ಇಸ್ತ್ರಿಪೆಟ್ಟಿಗೆ, ಸ್ಟೀಮರ್ ಎರಡನ್ನೂ ದೊಡ್ಡ ಕ್ರೂಸ್ ಕಂಪನಿಗಳು ಪ್ರಯಾಣಿಕರ ರೂಮಿಗೆ ಬಿಡಲ್ಲ, ಕಾರಣ ಬೆಂಕಿ. ಮನೇಲಿ ಏನಾದ್ರೂ ಹೊತ್ಕೊಂಡ್ರೆ ಬಾಗಿಲು ತೆಗೆದು ರಸ್ತೆಗೆ ಓಡ್ತೀವಿ, ಸಮುದ್ರದ ಮಧ್ಯ ಸಾವಿರಾರು ಜನ ಇರೋ ಹಡಗಲ್ಲಿ ಓಡೋದು ಎಲ್ಲಿಗೆ? 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಅನ್ನೋ ಹಡಗು ಜಮೈಕಾ ಕಡೆ ಹೋಗ್ತಿದ್ದಾಗ ಬೆಳಗಿನ ಜಾವ ಬಾಲ್ಕನಿಯಲ್ಲಿ ಬೆಂಕಿ ಹತ್ತಿ ಸಾಲುಸಾಲು ರೂಮು ಸುಟ್ಟುಹೋದವು, ಒಬ್ಬ ಪ್ರಯಾಣಿಕರು ತೀರ್ಕೊಂಡ್ರು, ಆರಿಸದೆ ಬಿಸಾಕಿದ ಒಂದು ಸಿಗರೇಟು ತುಂಡಿನಿಂದ ಆಗಿರಬೇಕು ಅಂತ ತನಿಖೆ ಮಾಡಿದವರು ಹೇಳಿದ್ರು. ಒಂದು ಸಿಗರೇಟು ಅಷ್ಟು ಮಾಡೋದಾದ್ರೆ ಹಾಸಿಗೆ ಮೇಲೆ ಮರೆತುಬಿಟ್ಟ ಇಸ್ತ್ರಿಪೆಟ್ಟಿಗೆ ಏನು ಮಾಡುತ್ತೆ ಅಂತ ನೀವೇ ಯೋಚ್ನೆ ಮಾಡಿ.

ಇನ್ನು ಮುಚ್ಚಿಟ್ಟು ಒಯ್ಯೋ ಮಾತು. ಬಂದರಲ್ಲಿ ಎಲ್ಲಾ ಸೂಟ್‌ಕೇಸೂ ಎಕ್ಸ್‌ರೇ ಒಳಗಿಂದ ಹೋಗುತ್ತೆ, ಸೀರೆ ಎಷ್ಟು ಸುತ್ತು ಸುತ್ತಿದ್ರೂ ಕಬ್ಬಿಣ ಕಬ್ಬಿಣವಾಗೇ ಕಾಣುತ್ತೆ. ಆಮೇಲೆ ನಿಮ್ಮ ಪೆಟ್ಟಿಗೆ ರೂಮಿಗೆ ಬರೋ ಬದಲು ಬೇರೆ ಕಡೆ ಕೂತಿರುತ್ತೆ, ನಿಮ್ಮನ್ನ ಕರೆಸಿ ಎದುರಿಗೇ ತೆಗೆಸಿ ಐರನ್ ತೆಗೆದಿಟ್ಕೊಂಡು ಕೊನೆ ದಿನ ವಾಪಸ್ ಕೊಡ್ತಾರೆ. ಇನ್ನೊಂದು ವಿಷಯ, ಅಮೆರಿಕದಿಂದ ಹೊರಡೋ ಹಡಗಿನ ರೂಮಲ್ಲಿ ಸಾಮಾನ್ಯವಾಗಿ 110 ವೋಲ್ಟಿನ ಸಾಕೆಟ್ಟು, ನಮ್ಮ 230 ವೋಲ್ಟಿಗೆ ಮಾಡಿದ ಇಸ್ತ್ರಿಪೆಟ್ಟಿಗೆಗೆ ಅದರಲ್ಲಿ ಸಿಗೋದು ಕಾಲು ಭಾಗದಷ್ಟು ಪವರ್ ಮಾತ್ರ. ಸೀರೆ ನಿರಿಗೆ ಇರ್ಲಿ, ಕರ್ಚೀಫೂ ನೆಟ್ಟಗಾಗಲ್ಲ.

ಹಾಗಂತ ಬೇಜಾರು ಮಾಡ್ಕೋಬೇಡಿ. ಸೀರೆ ಉಡಿ, ಖಂಡಿತ ಉಡಿ. ನಾನು ಹೇಳೋದು ಇಷ್ಟೇ, ಸುಕ್ಕಿನ ಜೊತೆ ಜಗಳ ಹಡಗಲ್ಲಿ ಆಡೋದಲ್ಲ, ದಾವಣಗೆರೆಯಲ್ಲಿ ಸೂಟ್‌ಕೇಸ್ ಮುಚ್ಚೋಕ್ಕಿಂತ ಮುಂಚೆನೇ ಆಡಿ ಮುಗಿಸಬೇಕು.

ಮೊದಲು ಬಟ್ಟೆ ಆರಿಸೋದು. ಮೈಸೂರು ಸಿಲ್ಕು ಕಣ್ಮುಚ್ಚಿ ತಗೊಳ್ಳಿ. ಅದು ಕ್ರೇಪ್, ಅಂದ್ರೆ ನೂಲನ್ನ ಚೆನ್ನಾಗಿ ಬಿಗಿಯಾಗಿ ಹುರಿ ಮಾಡಿ ನೇಯ್ದಿರ್ತಾರೆ, ಆ ಹುರಿ ಸ್ಪ್ರಿಂಗ್ ಥರ, ಮಡಚಿದ್ರೂ ವಾಪಸ್ ಎದ್ದು ಬರುತ್ತೆ, ಒಂದು ರಾತ್ರಿ ಹ್ಯಾಂಗರ್ ಮೇಲೆ ಬಿಟ್ರೆ ಅದರ ಭಾರಕ್ಕೇ ಗೆರೆ ಇಳಿದುಹೋಗುತ್ತೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರಲ್ಲಿ ಶುರುವಾದ ಆ ಕಾರ್ಖಾನೆ ಸೀರೆನ ನಮ್ಮ ಅಜ್ಜಿಯಂದಿರು ಟ್ರಂಕಿನ ತಳದಿಂದ ತೆಗೆದು ಕೊಡವಿ ಉಟ್ಕೊಂಡು ಮದುವೆಗೆ ಹೋಗ್ತಿದ್ದದ್ದು ಸುಮ್ಮನೆ ಅಲ್ಲ. ಇಳಕಲ್ ಮಾತ್ರ ಯೋಚ್ನೆ ಮಾಡಿ. ಕಾಟನ್ ಒಡಲು ಸುಕ್ಕನ್ನ ಹಿಡಿದಿಟ್ಕೊಳ್ಳುತ್ತೆ, ಅತ್ತೆ ಕೊಟ್ಟ ಹಳೇ ಸೀರೆ ಅಂದ್ರೆ ಮಡಿಕೆ ಜಾಗದಲ್ಲಿ ನೂಲು ಸವೆದಿರಲೂಬಹುದು. ಅದನ್ನ ಮಗಳ ಮನೇಲಿ ಒಂದು ಹಬ್ಬಕ್ಕೋ ಪೂಜೆಗೋ ಉಡಿ, ಅಲ್ಲಿ ಐರನ್ ಇರುತ್ತೆ. ಹಡಗಿಗೆ ಎರಡನೇ ಸೀರೆಯಾಗಿ ಇನ್ನೊಂದು ಕ್ರೇಪೋ ಜಾರ್ಜೆಟ್ಟೋ ಇರ್ಲಿ. ಟಿಶ್ಯೂ ಸೀರೆ ಅಂತೂ ಬೇಡವೇ ಬೇಡ, ಅದರಲ್ಲಿ ಜರಿ ಒಮ್ಮೆ ಮುರಿದು ಗೆರೆ ಬಿತ್ತು ಅಂದ್ರೆ ಯಾವ ಇಸ್ತ್ರಿಗೂ ಹೋಗಲ್ಲ.

ಹಗಲಿಗೆ ತಲೆ ಕೆಡಿಸ್ಕೋಬೇಡಿ. ಜೂನಾಗ್ಲಿ ಜುಲೈಯಾಗ್ಲಿ ಅಲಾಸ್ಕಾದ ಜುನೋ, ಸ್ಕ್ಯಾಗ್‌ವೇ, ಕೆಚಿಕನ್ ಊರುಗಳ ಕಡೆ ಚಳಿ, ಮಳೆನೂ ಬರ್ತಾ ಇರುತ್ತೆ, ಥರ್ಮಲ್ಲು, ಸ್ವೆಟರ್ರು, ಮೇಲೊಂದು ಜಾಕೆಟ್ಟು ಹಾಕ್ಕೊಂಡು ಓಡಾಡೋರ ಒಳಗಿನ ಕುರ್ತಾ ಸುಕ್ಕಾಗಿದೆಯೋ ಇಲ್ವೋ ಯಾರಿಗೆ ಕಾಣುತ್ತೆ. ನೆಟ್ಟಗಿರಬೇಕಾದ್ದು ಆ ಎರಡು ರಾತ್ರಿಯ ಬಟ್ಟೆ ಮಾತ್ರ, ಎರಡು ಜೊತೆ.

ಈಗ ಪ್ಯಾಕಿಂಗು. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡ್ತಾರೆ, ನಾನೂ ಮಾಡಿದೀನಿ. ತಂಗಿ ನಿಶ್ಚಿತಾರ್ಥಕ್ಕೆ ಹುಬ್ಬಳ್ಳಿಗೆ ಹೊರಟಾಗ ರಾತ್ರಿ ಬಸ್ಸಿಗೆ ಲೇಟಾಯ್ತು ಅಂತ ಸೀರೆ ಇಸ್ತ್ರಿ ಮಾಡಿ ಬಿಸಿಬಿಸಿಯಲ್ಲೇ ಮಡಚಿ ಬ್ಯಾಗಿಗೆ ತುರುಕಿದ್ದೆ. ಬೆಳಿಗ್ಗೆ ತೆಗೆದು ನೋಡಿದ್ರೆ ಸೆರಗಿನ ಮೇಲೆ ಚಾಕು ಹಿಡಿದು ಗೀರಿದ ಹಾಗೆ ನಾಲ್ಕು ಗೆರೆ, ಎಷ್ಟು ಕೊಡವಿದ್ರೂ ಹೋಗಲಿಲ್ಲ, ಇಡೀ ದಿನ ಸೆರಗನ್ನ ಕೈ ಮೇಲೆ ಹಾಕ್ಕೊಂಡೇ ಕಳೆದೆ. ಕಾರಣ ಏನು ಅಂದ್ರೆ ಶಾಖ ಮತ್ತೆ ತೇವ ಇದ್ದಾಗ ಎಳೆ ಮೆತ್ತಗಾಗಿರುತ್ತೆ, ಆರುವಾಗ ಯಾವ ಆಕಾರದಲ್ಲಿ ಇರುತ್ತೋ ಅದೇ ಆಕಾರಕ್ಕೆ ಗಟ್ಟಿಯಾಗುತ್ತೆ. ಇಸ್ತ್ರಿ ಕೆಲಸ ಮಾಡೋದೂ ಇದೇ ಗುಣದಿಂದ, ಬಿಸಿ ಬಟ್ಟೆ ಮಡಚಿದ್ರೆ ಮಡಿಕೆ ಕೂತುಬಿಡೋದೂ ಇದೇ ಗುಣದಿಂದ. ಅದಕ್ಕೆ ಹಿಂದಿನ ದಿನವೇ ಇಸ್ತ್ರಿ ಮಾಡಿ ರಾತ್ರಿಯೆಲ್ಲಾ ಹ್ಯಾಂಗರ್ ಮೇಲೆ ಬಿಡಿ, ಬಟ್ಟೆ ಪೂರ್ತಿ ತಣ್ಣಗಾಗಿ ಒಣಗಿರಬೇಕು, ಬೆಳಿಗ್ಗೆ ಪ್ಯಾಕ್ ಮಾಡಿ.

ಸೀರೆನ ಮಡಚೋ ಬದಲು ಸುತ್ತಿ. ಉದ್ದಕ್ಕೆ ಎರಡು ಮಡಿಕೆ ಮಾಡ್ಕೊಂಡು ಜರಿ ಒಳಗೆ ಹೋಗೋ ಹಾಗೆ ಹಾಸಿ, ಮೇಲೆ ತೆಳು ಮಲ್ ಬಟ್ಟೆ ಅಥವಾ ಹಳೇ ಕಾಟನ್ ಪಂಚೆ ಇಟ್ಟು, ದಪ್ಪ ಟವೆಲ್ ಒಂದನ್ನ ಉರುಳೆ ಮಾಡಿ ಅದರ ಮೇಲೆ ಸಡಿಲವಾಗಿ ಸುತ್ಕೊಂಡು ಬನ್ನಿ. ಚೂಪಾದ ಮಡಿಕೆನೇ ಇಲ್ಲದ ಮೇಲೆ ಗೆರೆ ಎಲ್ಲಿಂದ ಬರುತ್ತೆ. ಈಗ ಊರೂರಲ್ಲಿ ಸೀರೆ ಪ್ರೀ-ಪ್ಲೀಟಿಂಗ್ ಮಾಡಿ ಬಾಕ್ಸ್ ಫೋಲ್ಡಿಂಗ್ ಮಾಡಿಕೊಡೋರು ಇದಾರೆ, ನಿರಿಗೆ ಸೆರಗು ಎರಡೂ ಪಿನ್ ಮಾಡಿ ಕೊಡ್ತಾರೆ, ಹಡಗಿನ ಇಕ್ಕಟ್ಟು ರೂಮಲ್ಲಿ ಐದೇ ನಿಮಿಷದಲ್ಲಿ ಉಡ್ಬೇಕು ಅಂದ್ರೆ ಅದು ಅನುಕೂಲನೇ, ಆದ್ರೆ ಆ ಬಾಕ್ಸ್ ಮೇಲೆ ಏನೂ ಭಾರ ಇಡಬಾರ್ದು. ನಿಮ್ಮನೆಯವರ ಪಂಚೆಗೆ ಗಂಜಿ ಹಾಕಿಸಬೇಡಿ, ಗಂಜಿ ಹಾಕಿದ ಬಟ್ಟೆ ಮುರಿದ ಕಡೆ ಬಿಳಿ ಗೆರೆ ಬಿಡುತ್ತೆ. ರೇಷ್ಮೆ ಪಂಚೆ ಇದ್ರೆ ಅದೇ ಇರ್ಲಿ, ಸೀರೆ ಥರಾನೇ ಸುತ್ತಿ.

ಸೂಟ್‌ಕೇಸ್ ತುಂಬುವಾಗ ಅದು ಚಕ್ರದ ಮೇಲೆ ನಿಂತಿರುತ್ತೆ ಅನ್ನೋದು ನೆನಪಿರ್ಲಿ. ನಾವು ಮಲಗಿಸಿ ತುಂಬ್ತೀವಿ, ಅದು ಪ್ರಯಾಣ ಮಾಡೋದು ನಿಂತ್ಕೊಂಡು, ಒಳಗೆ ಜಾಗ ಖಾಲಿ ಇದ್ರೆ ಎಲ್ಲಾ ಕೆಳಗೆ ಕುಸಿದು ಗುಡ್ಡೆ ಆಗುತ್ತೆ, ಸುಕ್ಕಿಗೆ ಮುಖ್ಯ ಕಾರಣ ಈ ಕುಸಿತ. ಶೂ, ಔಷಧಿ ಡಬ್ಬಿ, ಚಟ್ನಿಪುಡಿ ಎಲ್ಲಾ ಚಕ್ರದ ಕಡೆಗೆ, ಸ್ವೆಟರ್ರು ಟೀ ಶರ್ಟುಗಳನ್ನ ಸುರುಳಿ ಸುತ್ತಿ ಮಧ್ಯ ಮಧ್ಯ ತುಂಬಿ, ಸೀರೆ ಉರುಳೆ ಎಲ್ಲಕ್ಕಿಂತ ಮೇಲೆ. ಡ್ರೈಕ್ಲೀನಿಂಗ್‌ನವರು ಕೊಡೋ ತೆಳು ಪ್ಲಾಸ್ಟಿಕ್ ಕವರ್ ಬಿಸಾಕಬೇಡಿ, ಒಂದೊಂದು ಬಟ್ಟೆಗೆ ಒಂದೊಂದು ಹಾಕಿದ್ರೆ ಬಟ್ಟೆಗಳು ಒಂದರ ಮೇಲೊಂದು ಜಾರ್ತವೆ, ಉಜ್ಜಿಕೊಂಡು ಮುದುರಲ್ಲ.

ಹಡಗು ಹತ್ತೋ ದಿನ ದೊಡ್ಡ ಪೆಟ್ಟಿಗೆನ ಬಂದರಲ್ಲೇ ತಗೊಂಡುಬಿಡ್ತಾರೆ, ನಿಮ್ಮ ರೂಮಿನ ಬಾಗಿಲಿಗೆ ಬರೋಕೆ ಎಷ್ಟೋ ಸಲ ಸಂಜೆ ಆಗುತ್ತೆ. ಹಾಗಾಗಿ ಮೊದಲ ರಾತ್ರಿ ಊಟದ ಬಟ್ಟೆ ಕೈಚೀಲದಲ್ಲೇ ಇರ್ಲಿ. ಪೆಟ್ಟಿಗೆ ಬಂದ ತಕ್ಷಣ, ಡೆಕ್ ನೋಡೋಕೆ ಓಡೋಕ್ಕಿಂತ ಮುಂಚೆ, ಸೀರೆ ಪಂಚೆ ಶರ್ಟು ತೆಗೆದು ತೂಗುಹಾಕಿ. ಇನ್ನೂ ಹ್ಯಾಂಗರ್ ಬೇಕಂದ್ರೆ ರೂಮ್ ನೋಡ್ಕೊಳ್ಳೋ ಹುಡುಗನನ್ನ ಕೇಳಿ, ತಂದುಕೊಡ್ತಾರೆ. ಮನೆಯಿಂದ ನಾಲ್ಕು ಮ್ಯಾಗ್ನೆಟ್ ಹುಕ್ ತಗೊಂಡು ಹೋಗಿ, ಹಡಗಿನ ರೂಮಿನ ಗೋಡೆ ಸಾಮಾನ್ಯವಾಗಿ ಉಕ್ಕಿನ ತಗಡು, ಟಪ್ ಅಂತ ಹಿಡ್ಕೊಳ್ಳುತ್ತೆ, ಬೀರು ಚಿಕ್ಕದಾದ್ರೂ ಗೋಡೆ ಮೇಲೆ ಸೀರೆನ ಪೂರ್ತಿ ಉದ್ದಕ್ಕೆ ಇಳಿಬಿಡಬಹುದು.

ಇಷ್ಟಾದ ಮೇಲೂ ಒಂದು ಗೆರೆ ಉಳೀತಾ? ನಮ್ಮಮ್ಮ ಮಾಡ್ತಿದ್ದ ಉಪಾಯ ಹೇಳ್ತೀನಿ. ಮನೇಲಿ ಕರೆಂಟೇ ಇರಲಿಲ್ಲ, ಹಿತ್ತಾಳೆ ಚೊಂಬಿಗೆ ಒಲೆಯ ನಿಗಿನಿಗಿ ಕೆಂಡ ತುಂಬಿ, ಕಂಠನ ಇಕ್ಕಳದಲ್ಲಿ ಹಿಡಿದು, ಚಾಪೆ ಮೇಲೆ ಕಂಬಳಿ ಹಾಸಿ ಅಪ್ಪನ ಅಂಗಿ ಕಾಲರ್ ಮೇಲೆ ಓಡಿಸೋರು, ತಳಕ್ಕೆ ಬೂದಿ ಅಂಟಿದ್ಯಾ ಅಂತ ಪ್ರತಿ ಸಲ ಹಳೇ ಬಟ್ಟೆಗೆ ಒರೆಸಿ ನೋಡೋರು. ಹಡಗಲ್ಲಿ ಕೆಂಡದ ಮಾತೇ ಬೇಡ, ಆದ್ರೆ ಟೀ ಕೌಂಟರ್‌ನಲ್ಲಿ ಕುದಿನೀರು ಸಿಗುತ್ತೆ. ಸಪಾಟಾದ ತಳದ ಸ್ಟೀಲ್ ಬಾಟಲಿ ಒಯ್ಯಿರಿ, ಫ್ಲಾಸ್ಕ್ ಅಲ್ಲ, ಫ್ಲಾಸ್ಕಿಗೆ ಎರಡು ಪದರ ಇರೋದ್ರಿಂದ ಶಾಖ ಹೊರಗೇ ಬರಲ್ಲ, ಒಂದೇ ಪದರದ್ದು ಬೇಕು. ಮುಕ್ಕಾಲು ತುಂಬಿಸಿ ಮುಚ್ಚಳ ಗಟ್ಟಿ ಮಾಡಿ ಟವೆಲ್‌ನಲ್ಲಿ ಸುತ್ಕೊಂಡು ರೂಮಿಗೆ ಬನ್ನಿ, ಹಾಸಿಗೆ ಮೇಲೆ ಟವೆಲ್ ಹಾಸಿ, ಗೆರೆ ಮೇಲೆ ಒಂದು ಕರ್ಚೀಫ್ ಇಟ್ಟು ಬಾಟಲಿನ ನಿಧಾನವಾಗಿ ಒತ್ತಿ ಓಡಿಸಿ. ಕಾಟನ್ ಶರ್ಟಿನ ಕಾಲರ್, ಪಂಚೆ ಅಂಚು, ರೇಷ್ಮೆಯ ಸಣ್ಣ ಗೆರೆ, ಎಲ್ಲಾ ತಕ್ಕ ಮಟ್ಟಿಗೆ ಕೂರುತ್ತೆ.

ಹಡಗಿನ ಲಾಂಡ್ರಿಗೆ ಕೊಟ್ರೆ ಇಸ್ತ್ರಿ ಮಾಡಿಕೊಡ್ತಾರೆ, ಒಂದೊಂದು ಬಟ್ಟೆಗೆ ಲೆಕ್ಕ ಹಾಕಿ ದುಡ್ಡು. ಶರ್ಟು ಪ್ಯಾಂಟಿಗೆ ಪರವಾಗಿಲ್ಲ. ಐದೂವರೆ ಮೀಟರ್ ಜರಿ ಸೀರೆನ ಜೀವನದಲ್ಲೇ ನೋಡದೋರ ಕೈಗೆ ಕೊಡೋದು ನಂಗಂತೂ ಇಷ್ಟ ಇಲ್ಲ.

ಪ್ರಶ್ನೆ: ಮೇಡಂ, ಆಫೀಸಿಂದ ಮುಂಬೈ–ಗೋವಾ ಹಡಗಲ್ಲಿ ಎರಡು ರಾತ್ರಿ ಟ್ರಿಪ್ ಇದೆ. ನನ್ನ ಹತ್ರ ಇರೋದೆಲ್ಲಾ ಲಿನನ್ ಶರ್ಟು, ಬ್ಯಾಗಿಂದ ತೆಗೆಯೋಷ್ಟರಲ್ಲಿ ಹಪ್ಪಳ ಆಗಿರುತ್ತೆ. ‘ರಿಂಕಲ್ ಫ್ರೀ’ ಅಂತ ಬರೆದಿರೋ ಶರ್ಟ್ ತಗೊಂಡ್ರೆ ನಿಜವಾಗ್ಲೂ ಕೆಲಸ ಮಾಡುತ್ತಾ? ರಿಂಕಲ್ ಸ್ಪ್ರೇ ಅಂತ ಬರುತ್ತಲ್ಲ, ಅದು? – ಓದುಗರು, ಬೆಂಗಳೂರು

ಉತ್ತರ: ಕೆಲಸ ಮಾಡುತ್ತೆ ಕಣಪ್ಪ. ಹತ್ತಿ ಬಟ್ಟೆ ಯಾಕೆ ಸುಕ್ಕಾಗುತ್ತೆ ಅಂದ್ರೆ ಅದರ ಎಳೆಯೊಳಗಿನ ಉದ್ದುದ್ದ ಸರಪಳಿಗಳ ಮಧ್ಯದ ಹಿಡಿತ ತೇವಕ್ಕೆ ಬಿಟ್ಟುಹೋಗಿ, ಜಾರಿದ ಜಾಗದಲ್ಲೇ ಮತ್ತೆ ಹಿಡ್ಕೊಳ್ಳುತ್ತೆ. ಆ ಸರಪಳಿಗಳಿಗೆ ಅಡ್ಡಡ್ಡ ರಾಸಾಯನಿಕ ಕೊಂಡಿ ಹಾಕಿಬಿಟ್ರೆ ಜಾರೋದೇ ಇಲ್ಲ, ಏಣಿಗೆ ಮೆಟ್ಟಿಲು ಹಾಕಿದ ಹಾಗೆ. ಈ ಕೆಲಸಕ್ಕೆ ದೊಡ್ಡ ಹೆಸರು ರೂತ್ ಬೆನೆರಿಟೊ ಅನ್ನೋ ಹೆಣ್ಮಗಳದ್ದು, ಅಮೆರಿಕದ ಕೃಷಿ ಇಲಾಖೆಯ ನ್ಯೂ ಓರ್ಲಿಯನ್ಸ್ ಲ್ಯಾಬಲ್ಲಿ ಕೆಮಿಸ್ಟ್ ಆಗಿದ್ರು, 2013ರಲ್ಲಿ ತೊಂಬತ್ತು ದಾಟಿದ ವಯಸ್ಸಲ್ಲಿ ತೀರ್ಕೊಂಡ್ರು. ಪಾಲಿಯೆಸ್ಟರ್ ಬಂದು ಕಾಟನ್‌ನ ಮೂಲೆಗೆ ತಳ್ತಿದ್ದ ಕಾಲದಲ್ಲಿ ಕಾಟನ್ ಬಟ್ಟೆಗೆ ಮತ್ತೆ ಬೆಲೆ ಬಂದಿದ್ದರಲ್ಲಿ ಅವರ ಪಾಲು ದೊಡ್ಡದು. ಪ್ರತಿ ದಿನ ಬೆಳಿಗ್ಗೆ ಇಸ್ತ್ರಿ ಮಾಡ್ತಾ ನಿಂತಿರೋ ಎಷ್ಟು ಹೆಂಗಸರ ಹೊತ್ತು ಉಳಿಸಿದಾರೆ ನೋಡಿ, ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ. ಆ ಥರ ಶರ್ಟಿನ ಬಟ್ಟೆ ಸ್ವಲ್ಪ ಬೇಗ ಸವೆಯುತ್ತೆ, ಗಾಳಿನೂ ಮಾಮೂಲಿ ಕಾಟನ್‌ನಷ್ಟು ಆಡಲ್ಲ, ಅದಕ್ಕೆ ರಾತ್ರಿ ಪಾರ್ಟಿಗೆ ಅಂತ ಒಂದು ಸಾಕು.

ಲಿನನ್ ಶರ್ಟಿನ ಬಗ್ಗೆ ನನ್ನ ಅಭಿಪ್ರಾಯ ಹೇಳ್ಲಾ, ಹಗಲು ಡೆಕ್ ಮೇಲೆ ಸುಕ್ಕಾಗೇ ಹಾಕ್ಕೊಳ್ಳಿ, ಲಿನನ್‌ಗೆ ಅದು ಒಪ್ಪುತ್ತೆ, ಇಸ್ತ್ರಿ ಮಾಡಿ ಹಾಕಿದ್ರೂ ಕೂತು ಎದ್ದ ಮೇಲೆ ಅದೇ ಕಥೆ. ಶರ್ಟುಗಳ ಎಲ್ಲಾ ಗುಂಡಿ ಹಾಕಿ, ಕಾಲರ್ ಒಳಗೆ ಒಂದು ಸಾಕ್ಸ್ ಸುತ್ತಿಟ್ಟು, ಮಧ್ಯ ಒಂದು ಟೀ ಶರ್ಟ್ ಇಟ್ಕೊಂಡು ಮಡಚಿ. ಪ್ಯಾಂಟಿಗೆ ನಮ್ಮ ಹಾಸ್ಟೆಲ್ ಕಾಲದ ಉಪಾಯ ಇದ್ದೇ ಇದೆ, ಗೆರೆ ಸರಿಯಾಗಿ ಕೂಡಿಸಿ ರಾತ್ರಿ ಹಾಸಿಗೆ ಕೆಳಗೆ ಹಾಕಿ ಮಲಗೋದು.

ಸ್ಪ್ರೇನ ಮನೇಲೇ ಮಾಡ್ಕೊಳ್ಳಿ. ಕಾಲು ಲೀಟರ್ ನೀರಿಗೆ ಬಟ್ಟೆ ತೊಳೆಯುವಾಗ ಹಾಕೋ ಸಾಫ್ಟ್‌ನರ್ ಒಂದು ಟೀ ಚಮಚ, ಅಷ್ಟೇ, ಜಾಸ್ತಿ ಆದ್ರೆ ಕಲೆ ಕೂರುತ್ತೆ. ಶರ್ಟ್ ತೂಗುಹಾಕಿ ಮಂಜು ಬಿದ್ದ ಹಾಗೆ ಸಿಂಪಡಿಸಿ, ಕೈಯಲ್ಲಿ ಕೆಳಕ್ಕೆ ಎಳೆದು ನೇವರಿಸಿ, ಒಣಗೋಕೆ ಬಿಡಿ. ಕಾಟನ್‌ಗೆ ಚೆನ್ನಾಗಿ ಕೆಲಸ ಮಾಡುತ್ತೆ. ರೇಷ್ಮೆಗೆ ಮಾತ್ರ ತಪ್ಪಿಯೂ ಹೊಡೀಬೇಡಿ, ನೀರಿನ ಹನಿ ಬಿದ್ದ ಕಡೆ ಉಂಗುರ ಉಂಗುರ ಕಲೆ ಉಳಿಯುತ್ತೆ. ಮುಂಬೈಗೆ ವಿಮಾನದಲ್ಲಿ ಹೋಗೋದಾದ್ರೆ ಬಾಟಲಿ ಚೆಕ್-ಇನ್ ಬ್ಯಾಗಲ್ಲಿ ಹಾಕಿ.

ಪ್ರಶ್ನೆ: ನಮಸ್ಕಾರ ಅಕ್ಕ, ನಾನು ಆರು ವರ್ಷದಿಂದ ಕ್ರೂಸ್ ಹಡಗಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದೀನಿ, ಈಗ ರಜೆ ಮೇಲೆ ಊರಿಗೆ ಬಂದಿದೀನಿ. ಹೋದ ತಿಂಗಳು ನೀವು ಒಬ್ಬರಿಗೆ ‘ಹೋಟೆಲ್ ಬಾತ್‌ರೂಮಲ್ಲಿ ಬಿಸಿನೀರು ಬಿಟ್ಟು ಆವಿಯಲ್ಲಿ ಬಟ್ಟೆ ತೂಗುಹಾಕಿ’ ಅಂದ್ರಿ. ಹಡಗಲ್ಲಿ ಅದು ಅಷ್ಟು ಆಗಲ್ಲ ಅಕ್ಕ, ಬಾತ್‌ರೂಮ್ ಫ್ಯಾನ್ ಆವಿನೆಲ್ಲಾ ಎಳ್ಕೊಂಡುಬಿಡುತ್ತೆ, ಜಾಗ ಬೇರೆ ಸಣ್ಣದು, ಶವರ್ ಕರ್ಟನ್ ಬಟ್ಟೆಗೆ ಅಂಟುತ್ತೆ. ಕೆಲವರು ಬಿಸಿನೀರು ಸುಮ್ಮನೆ ಹರಿಯೋಕೆ ಬಿಟ್ಟು ಹೊರಗೆ ಕೂತಿರ್ತಾರೆ. ಇದನ್ನ ದಯವಿಟ್ಟು ಬರೀರಿ. – ಓದುಗರು, ಉಡುಪಿ ಜಿಲ್ಲೆ

ಉತ್ತರ: ತಮ್ಮಾ, ಬರೆದು ತಿಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ಹೇಳಿದ್ದು ಊರಿನ ಹೋಟೆಲ್ ರೂಮಿಗೆ, ಹಡಗಿಗೆ ಅದು ಒಪ್ಪಲ್ಲ ಅನ್ನೋದನ್ನ ದಿನಾ ಆ ರೂಮುಗಳನ್ನ ಒರೆಸಿ ಗುಡಿಸೋ ನೀವು ಹೇಳಿದ ಮೇಲೆ ಅದೇ ಸರಿ. ಓದುಗರೇ, ಹಡಗಲ್ಲಿ ಹೀಗೆ ಮಾಡಿ, ಆವಿಗೋಸ್ಕರ ಅಂತ ನೀರು ಬಿಡಬೇಡಿ, ನೀವು ಸ್ನಾನ ಮಾಡುವಾಗ ಹೇಗೂ ಬಿಡೋ ಬಿಸಿನೀರು ಇದ್ದೇ ಇರುತ್ತಲ್ಲ, ಆಗ ಬಟ್ಟೆನ ಬಾಗಿಲ ಹಿಂದಿನ ಕೊಕ್ಕೆಗೆ ತೂಗುಹಾಕಿ, ಬಾಗಿಲು ಮುಚ್ಚಿರಿ, ಸ್ನಾನ ಆದ ತಕ್ಷಣ ಹೊರಗೆ ತಂದು ಕೈಯಲ್ಲಿ ಎಳೆದು ಸರಿ ಮಾಡಿ ರೂಮಿನ ಏಸಿ ಗಾಳಿಗೆ ಬಿಡಿ. ಒಳಗೇ ಬಿಟ್ರೆ ತೇವ ಹಿಡಿದು ಇನ್ನೊಂದು ಥರ ಮುದುರುತ್ತೆ. ಹೇರ್ ಡ್ರೈಯರ್ ಇದ್ರೆ ಒದ್ದೆ ಕೈ ಸವರಿದ ಗೆರೆ ಮೇಲೆ ಸ್ವಲ್ಪ ದೂರದಿಂದ ಬಿಸಿ ಗಾಳಿ ಬಿಡಿ, ಕಾಟನ್‌ಗೆ ಆಗುತ್ತೆ.

ಕರಾವಳಿಯಿಂದ ಎಷ್ಟೊಂದು ಹುಡುಗರು ಈ ಹಡಗುಗಳ ಅಡುಗೆಮನೆಯಲ್ಲಿ, ಲಾಂಡ್ರಿಯಲ್ಲಿ, ರೂಮುಗಳಲ್ಲಿ ತಿಂಗಳುಗಟ್ಟಲೆ ಮನೆ ಬಿಟ್ಟು ದುಡೀತಿದಾರೆ. ನೀವು ಹೋದ ಹಡಗಲ್ಲಿ ಒಬ್ಬರಾದ್ರೂ ಸಿಕ್ಕೇ ಸಿಗ್ತಾರೆ ಅಂತ ಹೇಳಕ್ಕಾಗಲ್ಲ, ಸಿಕ್ಕಿದ್ರೆ ಕನ್ನಡದಲ್ಲೋ ತುಳುವಲ್ಲೋ ಎರಡು ಮಾತಾಡಿ, ಅವರಿಗೆ ಎಷ್ಟು ಖುಷಿಯಾಗುತ್ತೆ ಅಂತ ಈ ತಮ್ಮನೇ ಪತ್ರದ ಕೊನೇಲಿ ಬರೆದಿದಾರೆ.

ಪ್ರಶ್ನೆ: ಸಿಂಗಾಪುರದಿಂದ ನಾಲ್ಕು ರಾತ್ರಿ ಕ್ರೂಸ್, ಇಬ್ಬರು ಚಿಕ್ಕ ಮಕ್ಕಳು. ರೂಮಲ್ಲೇ ಬಟ್ಟೆ ಒಗೆದ್ರೆ ಮುದುರದ ಹಾಗೆ ಒಣಗಿಸೋದು ಹೇಗೆ? ಬಾಲ್ಕನಿಯಲ್ಲಿ ಹಾಕಬಹುದಾ? – ಓದುಗರು, ಮೈಸೂರು

ಉತ್ತರ: ಬಾಲ್ಕನಿ ಬೇಡ, ಸಮುದ್ರದ ಗಾಳಿಗೆ ಹಾರಿಹೋಗುತ್ತೆ, ಹಡಗಿನೋರೂ ಒಪ್ಪಲ್ಲ. ಶವರ್ ಜಾಗದಲ್ಲಿ ಎಳೆದು ಕಟ್ಟೋ ಒಂದು ದಾರ ತುಂಬಾ ಹಡಗಲ್ಲಿ ಇರುತ್ತೆ, ಅದನ್ನ ಬಳಸಿ. ಮುಖ್ಯ ಏನಂದ್ರೆ ಹಿಂಡಬೇಡಿ. ಒಗೆದ ಬಟ್ಟೆನ ಒಣ ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಚಪಾತಿ ರೋಲ್ ಥರ ಸುತ್ತಿ ಮೇಲೆ ಮಂಡಿಯೂರಿ ಒತ್ತಿ, ನೀರೆಲ್ಲಾ ಟವೆಲ್ ಕುಡಿಯುತ್ತೆ, ಆಮೇಲೆ ಜೋರಾಗಿ ಒಂದು ಸಲ ಕೊಡವಿ ಹ್ಯಾಂಗರ್‌ಗೇ ಹಾಕಿ, ಅಂಚು ಹೊಲಿಗೆ ಎಳೆದು ನೆಟ್ಟಗೆ ಮಾಡಿ. ಬೆಳಿಗ್ಗೆಗೆ ಇಸ್ತ್ರಿ ಬೇಕಾಗಲ್ಲ. ಜೀನ್ಸ್ ಒಗೆಯೋಕೆ ಹೋಗ್ಬೇಡಿ, ನಾಲ್ಕು ದಿನವಾದ್ರೂ ಒಣಗಲ್ಲ.

ನೀವೇ ಬಟ್ಟೆ ಒಗೆದು ಒಣಗಿಸ್ಕೊಳ್ಳೋ ಲಾಂಡ್ರಿ ರೂಮು ಕಾರ್ನಿವಲ್, ಪ್ರಿನ್ಸೆಸ್, ಡಿಸ್ನಿ ಕಂಪನಿಗಳ ಹೆಚ್ಚಿನ ಹಡಗುಗಳಲ್ಲಿ ಇದೆ, ರಾಯಲ್ ಕೆರಿಬಿಯನ್‌ನಲ್ಲಿ ಇಲ್ಲ. ಟಿಕೆಟ್ ಮಾಡೋ ಮುಂಚೆ ನಿಮ್ಮ ಹಡಗಲ್ಲಿ ಇದೆಯಾ ಅಂತ ಕೇಳ್ಕೊಳ್ಳಿ, ಇದ್ರೆ ಮಕ್ಕಳ ಬಟ್ಟೆ ಅರ್ಧಕ್ಕರ್ಧ ಕಡಿಮೆ ಒಯ್ಯಬಹುದು. ಇಳಿಯೋ ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನ ಬಾಗಿಲ ಹೊರಗೆ ಇಡೋಕೆ ಹೇಳ್ತಾರೆ, ರಾತ್ರೋರಾತ್ರಿ ತಗೊಂಡು ಹೋಗಿಬಿಡ್ತಾರೆ. ಮಕ್ಕಳ ಬೆಳಗಿನ ಬಟ್ಟೆ, ಒಳ ಉಡುಪು, ಚಪ್ಪಲಿ ಎಲ್ಲಾ ತೆಗೆದಿಟ್ಕೊಂಡಿದೀನಾ ಅಂತ ಎರಡು ಸಲ ನೋಡಿ ಆಮೇಲೆ ಜಿಪ್ ಹಾಕಿ.